ಒಂದೇ ಪುಡಿಯಿಂದ ಬಿಳಿ ಬೆಳಕು: ಕರಾವಳಿಯ ಲ್ಯಾಬಿನಲ್ಲಿ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಹಳೆಯ ಟ್ಯೂಬ್‌ಲೈಟಿನ ಒಳಗೋಡೆಗೆ ಅಂಟಿಕೊಂಡ ಬಿಳಿ ಪುಡಿ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಅದು ದಶಕಗಳ ಕಾಲ ಕ್ಯಾಲ್ಸಿಯಂ ಹ್ಯಾಲೋಫಾಸ್ಫೇಟ್ ಎಂಬ ಒಂದೇ ವಸ್ತುವಾಗಿತ್ತು. 1942ರಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ಕಂಡುಹಿಡಿದರು. ಅಪಟೈಟ್ ಎಂಬ ಖನಿಜದ ಕುಟುಂಬ ಅದರದ್ದು. ನಮ್ಮ ಹಲ್ಲು, ಬಂಗುಡೆಯ ಮುಳ್ಳು, ಎಲ್ಲವೂ ಅದೇ ಕುಟುಂಬದ ನೆಂಟರು. ಅದರೊಳಗೆ ಸ್ವಲ್ಪ ಆಂಟಿಮೊನಿ, ಸ್ವಲ್ಪ ಮ್ಯಾಂಗನೀಸ್ ಸೇರಿಸಿದರೆ ಆಂಟಿಮೊನಿ ನೀಲಿ ಕೊಡುತ್ತದೆ, ಮ್ಯಾಂಗನೀಸ್ ಕಿತ್ತಳೆ ಕೊಡುತ್ತದೆ. ಎರಡೂ ಸೇರಿ ನಮ್ಮ ಕಣ್ಣಿಗೆ ಬಿಳಿ. ಒಂದೇ ಪುಡಿ ಬಿಳಿ ಬೆಳಕು ಕೊಡುವುದು ಹೊಸ ಕನಸೇನಲ್ಲ. ನಮ್ಮ ಅಜ್ಜಿಯ ಮನೆಯ ಚಾವಡಿಯಲ್ಲೇ ಅದು ಉರಿಯುತ್ತಿತ್ತು.

ಈಗಿನ ಎಲ್‌ಇಡಿ ಬಲ್ಬಿನ ದಾರಿ ಬೇರೆ. ಅಲ್ಲಿ ನೀಲಿ ಬೆಳಕು ಬರುವುದು ಚಿಪ್ಪಿನಿಂದ, ಅಂದರೆ ವಿದ್ಯುತ್ ಹರಿಸಿದರೆ ಬೆಳಗುವ ಪುಟ್ಟ ಅರೆವಾಹಕದ ತುಣುಕಿನಿಂದ. ಆ ನೀಲಿ ಎಲ್‌ಇಡಿಗೇ 2014ರಲ್ಲಿ ಅಕಸಾಕಿ, ಅಮಾನೊ, ನಕಾಮುರ ಅವರಿಗೆ ನೊಬೆಲ್ ಬಂತು. ಚಿಪ್ಪಿನ ಮೇಲೆ ಸೀರಿಯಂ ಬೆರೆಸಿದ ಹಳದಿ ಪುಡಿ ಬಳಿಯುತ್ತಾರೆ. ನೀಲಿಯ ಒಂದು ಪಾಲು ಹಳದಿಯಾಗುತ್ತದೆ, ಉಳಿದದ್ದು ಹಾಗೇ ಹೊರಬರುತ್ತದೆ. ಇನ್ನೊಂದು ದಾರಿ ಎಂದರೆ, ಕಣ್ಣಿಗೆ ಕಾಣದ ಯುವಿ ಬೆಳಕಿನ ಚಿಪ್ಪಿನ ಮೇಲೆ ಕೆಂಪು, ಹಸಿರು, ನೀಲಿ ಪುಡಿಗಳನ್ನು ಬೆರೆಸಿ ಹಚ್ಚುವುದು. ಇದರಲ್ಲೊಂದು ತೊಂದರೆ ಇದೆ. ಒಂದು ಪುಡಿ ಕೊಟ್ಟ ನೀಲಿಯನ್ನು ಪಕ್ಕದ ಪುಡಿ ನುಂಗುತ್ತದೆ. ಮೂರೂ ಒಂದೇ ವೇಗದಲ್ಲಿ ಹಳತಾಗುವುದಿಲ್ಲ. ವರ್ಷ ಕಳೆದಂತೆ ಬಣ್ಣ ಜಾರುತ್ತದೆ. ಪೂರ್ತಿ ಬಿಳಿಯನ್ನು ಒಂದೇ ಹರಳು ಕೊಟ್ಟರೆ ಈ ಜಗಳವೇ ಇಲ್ಲ, ಅಲ್ವಾ? ಅದಕ್ಕೇ ಇಷ್ಟೊಂದು ಜನ ಇದರ ಹಿಂದೆ ಬಿದ್ದಿರುವುದು.

ಕೊಣಾಜೆ, ಸುರತ್ಕಲ್, ಮಣಿಪಾಲ ಕಡೆ ಎಂ.ಎಸ್ಸಿ ಪ್ರಾಜೆಕ್ಟ್ ಅಥವಾ ಪಿಎಚ್.ಡಿ ಶುರುಮಾಡುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಹತ್ತು ವಸ್ತುಗಳ ಹೆಸರು ಹೇಳಿ ಬಿಡುವ ಬದಲು ಒಂದನ್ನೇ ಹಿಡಿದು ಕೊನೆವರೆಗೆ ಹೋಗೋಣ. ನನ್ನ ಅನುಭವ ಹೇಳುವುದು ಇಷ್ಟೇ: ಬಿಳಿ ಎಂದರೆ ಒಂದು ಪ್ರಮಾಣ. ಆ ಪ್ರಮಾಣ ಕೆಡುವುದು ಸ್ಪೆಕ್ಟ್ರೋಮೀಟರಿನಲ್ಲಿ ಅಲ್ಲ, ತಕ್ಕಡಿಯ ಮುಂದೆ. ಅದರಲ್ಲೂ ನಮ್ಮ ಮಳೆಗಾಲದಲ್ಲಿ.

ಯಾವ ಪುಡಿ, ಯಾಕೆ?

ನಾವು ಮಾಡುವುದು ಡಿಸ್ಪ್ರೋಸಿಯಂ ಎಂಬ ವಿರಳ ಭಸ್ಮ ಲೋಹ ಬೆರೆಸಿದ ಯಿಟ್ರಿಯಂ ಅಲ್ಯೂಮಿನಿಯಂ ಗಾರ್ನೆಟ್. ಲ್ಯಾಬಿನಲ್ಲಿ ಎಲ್ಲರೂ ಇದನ್ನು ಯಾಗ್ ಎನ್ನುತ್ತಾರೆ. ಎಲ್‌ಇಡಿ ಬಲ್ಬಿನ ಹಳದಿ ಪುಡಿಯ ಮನೆಯೂ ಇದೇ, ಒಳಗಿನ ಬಾಡಿಗೆದಾರ ಮಾತ್ರ ಬೇರೆ.

ಡಿಸ್ಪ್ರೋಸಿಯಂ ಒಂದೇ ಅಯಾನು, ಆದರೆ ಎರಡು ಮುಖ್ಯ ಬಣ್ಣ ಕೊಡುತ್ತದೆ. 480 ನ್ಯಾನೋಮೀಟರ್ ಸುತ್ತ ನೀಲಿ, 575ರಿಂದ 583ರ ಸುತ್ತ ಹಳದಿ. 665ರ ಹತ್ತಿರ ಒಂದು ಬಡಕಲು ಕೆಂಪೂ ಇದೆ. ನೀಲಿ ಗೆರೆ ಸುತ್ತಲಿನ ಪರಿಸರಕ್ಕೆ ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ಹಳದಿ ಗೆರೆ ಹಾಗಲ್ಲ. ಅಯಾನಿನ ಸುತ್ತ ಆಮ್ಲಜನಕ ಹೇಗೆ ಕೂತಿದೆ ಎನ್ನುವುದಕ್ಕೆ ಅದು ತುಂಬಾ ಸೂಕ್ಷ್ಮ. ಸುತ್ತಲಿನ ಜೋಡಣೆ ಅಸಮವಾದಷ್ಟೂ ಹಳದಿ ಜಾಸ್ತಿ. ಹಾಗಾಗಿ ಹಳದಿ ಮತ್ತು ನೀಲಿಯ ಅನುಪಾತವನ್ನು ನಿರ್ಧರಿಸುವುದು ನೀವು ಆರಿಸಿದ ಮನೆ, ಅಂದರೆ ಡಿಸ್ಪ್ರೋಸಿಯಂ ಕೂರುವ ಹರಳು.

ರಾಸಾಯನಿಕ ಕೊಳ್ಳುವ ಮೊದಲೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಇದನ್ನು ಯಾರೂ ನನಗೆ ಮೊದಲೇ ಹೇಳಲಿಲ್ಲ ಎಂಬ ಬೇಸರ ಈಗಲೂ ಇದೆ. ಸಿಐಇ ಎಂಬ ಅಂತರರಾಷ್ಟ್ರೀಯ ಬೆಳಕಿನ ಆಯೋಗದ 1931ರ ಬಣ್ಣದ ನಕ್ಷೆಯನ್ನು ಪ್ರಿಂಟ್ ತೆಗೆದುಕೊಳ್ಳಿ. ಅದರ ಅಂಚಿನಲ್ಲಿ ತರಂಗಾಂತರಗಳು ಗುರುತಾಗಿರುತ್ತವೆ. ನಿಮ್ಮ ನೀಲಿ ಗೆರೆಯ ಬಿಂದುವಿನಿಂದ ಹಳದಿ ಗೆರೆಯ ಬಿಂದುವಿಗೆ ಸ್ಕೇಲ್ ಇಟ್ಟು ಗೆರೆ ಎಳೆಯಿರಿ. ಎರಡು ಬಣ್ಣ ಎಷ್ಟೇ ಪ್ರಮಾಣದಲ್ಲಿ ಬೆರೆತರೂ ಫಲಿತಾಂಶ ಆ ಗೆರೆಯ ಮೇಲೇ ಬೀಳುತ್ತದೆ. ಯಾಗ್‌ನಲ್ಲಿ ಗೆರೆಗಳು ಸುಮಾರು 484 ಮತ್ತು 583. ಇವೆರಡನ್ನು ಸೇರಿಸಿ ಎಳೆದ ಗೆರೆ, ನಕ್ಷೆಯ ಅಡ್ಡ ಅಳತೆ ಎಕ್ಸ್ 0.333 ಇರುವಲ್ಲಿ, ಲಂಬ ಅಳತೆ ವೈ ಸುಮಾರು 0.345ರ ಮೂಲಕ ಹೋಗುತ್ತದೆ. ಸಮಶಕ್ತಿಯ ಬಿಳಿ ಬಿಂದು 0.333, 0.333. ಅಂದರೆ ಬಾಗಿಲ ಹತ್ತಿರವೇ ಇದ್ದೀರಿ.

ಈಗ ಇದೇ ಡಿಸ್ಪ್ರೋಸಿಯಂ ಅನ್ನು ಯಿಟ್ರಿಯಂ ವನಡೇಟಿನಲ್ಲಿ ಹಾಕಿ. ಗೆರೆಗಳು ಸುಮಾರು 483 ಮತ್ತು 573. ಹಳದಿ ಬರೀ ಹತ್ತು ನ್ಯಾನೋಮೀಟರ್ ಸರಿಯಿತು. ಆದರೆ ನೀವು ಎಳೆದ ಗೆರೆ ಈಗ ವೈ 0.41ರ ಹತ್ತಿರ ಹೋಗುತ್ತದೆ. ಅದು ಹಸಿರು ಬೆರೆತ ಹಳದಿ ಬಿಳಿ. ಪ್ರಮಾಣ ಎಷ್ಟು ತಿದ್ದಿದರೂ ಶುದ್ಧ ಬಿಳಿ ಸಿಗದು, ಯಾಕೆಂದರೆ ಗೆರೆಯೇ ಆ ಊರಿಗೆ ಹೋಗುವುದಿಲ್ಲ. ಐದು ನಿಮಿಷದ ಕೆಲಸ, ಆರು ತಿಂಗಳು ಉಳಿಯುತ್ತದೆ.

ಯಾಗ್ ಆರಿಸಲು ಇನ್ನೂ ಎರಡು ಕಾರಣ. ಎಂಟು ಆಮ್ಲಜನಕಗಳ ನಡುವೆ ಯಿಟ್ರಿಯಂ ಅಯಾನಿನ ತ್ರಿಜ್ಯ 1.019 ಆಂಗ್‌ಸ್ಟ್ರಾಮ್, ಡಿಸ್ಪ್ರೋಸಿಯಂ 1.027. ಇಬ್ಬರ ವಿದ್ಯುದಂಶವೂ ಮೂರು. ಒಬ್ಬರ ಕುರ್ಚಿಯಲ್ಲಿ ಇನ್ನೊಬ್ಬರು ಆರಾಮಾಗಿ ಕೂರುತ್ತಾರೆ. ಎರಡನೆಯದು ನಮ್ಮ ಹವೆ. ಸ್ಟ್ರಾನ್ಷಿಯಂ ಅಲ್ಯೂಮಿನೇಟಿನಂಥ ಪುಡಿಗಳು ನೀರು ತಾಗಿದರೆ ಕೆಡುತ್ತವೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಯಾಗ್ ನೀರಿಗೆ ಜಗ್ಗುವುದಿಲ್ಲ.

ಲೆಕ್ಕ

ಯಿಟ್ರಿಯಂ ಜಾಗದಲ್ಲಿ ಶೇಕಡಾ 2ರಷ್ಟು ಡಿಸ್ಪ್ರೋಸಿಯಂ ಇಡೋಣ. ಸೂತ್ರದಲ್ಲಿ ಯಿಟ್ರಿಯಂ 2.94, ಡಿಸ್ಪ್ರೋಸಿಯಂ 0.06, ಅಲ್ಯೂಮಿನಿಯಂ 5, ಆಮ್ಲಜನಕ 12. ಮೋಲಾರ್ ತೂಕ 598.03. ನಾವು 0.005 ಮೋಲ್ ಮಾಡುತ್ತೇವೆ, ಅಂದರೆ ಹತ್ತಿರ ಹತ್ತಿರ 3 ಗ್ರಾಂ ಪುಡಿ. ಎಲ್ಲ ಪರೀಕ್ಷೆಗೂ ಅಷ್ಟು ಸಾಕು.

ಬೇಕಾದದ್ದು: ಯಿಟ್ರಿಯಂ ಆಕ್ಸೈಡ್ 1.660 ಗ್ರಾಂ. ಹರಳಿನಲ್ಲಿ ಒಂಬತ್ತು ನೀರಿನ ಅಣು ಹಿಡಿದಿರುವ ಅಲ್ಯೂಮಿನಿಯಂ ನೈಟ್ರೇಟ್ 9.378 ಗ್ರಾಂ. ಯೂರಿಯಾ 6.006 ಗ್ರಾಂ. ಡಿಸ್ಪ್ರೋಸಿಯಂ ಆಕ್ಸೈಡ್ 0.056 ಗ್ರಾಂ.

ಈ ಕೊನೆಯ ಸಂಖ್ಯೆ ನೋಡಿ. 56 ಮಿಲಿಗ್ರಾಂ. ಬಟರ್ ಪೇಪರಿಗೆ ಎರಡು ಮಿಲಿಗ್ರಾಂ ಅಂಟಿಕೊಂಡರೂ ನಿಮ್ಮ ಪ್ರಮಾಣ ಕೆಟ್ಟಿತು. ಅದನ್ನು ನೇರ ತೂಗಬೇಡಿ. 0.373 ಗ್ರಾಂ ಡಿಸ್ಪ್ರೋಸಿಯಂ ಆಕ್ಸೈಡನ್ನು ಸ್ವಲ್ಪ ನೈಟ್ರಿಕ್ ಆಮ್ಲದಲ್ಲಿ ಬಿಸಿಮಾಡಿ ಕರಗಿಸಿ, 100 ಮಿಲಿಲೀಟರ್ ಫ್ಲಾಸ್ಕಿನಲ್ಲಿ ಗೆರೆಯವರೆಗೆ ಡಿಸ್ಟಿಲ್ಡ್ ನೀರು ತುಂಬಿ. ಇದು 0.02 ಮೋಲಾರ್ ದ್ರಾವಣ. ಶೇಕಡಾ 2ಕ್ಕೆ ಇದರಲ್ಲಿ 15 ಮಿಲಿಲೀಟರ್ ಸಾಕು. ಶೇಕಡಾ 1ಕ್ಕೆ 7.5, ಶೇಕಡಾ 3ಕ್ಕೆ 22.5, ಶೇಕಡಾ 5ಕ್ಕೆ 37.5. ಇಡೀ ಸರಣಿ ಒಂದೇ ಬಾಟಲಿಯಿಂದ ಬರುವುದರಿಂದ ಸಂಖ್ಯೆಗಳ ನಡುವಿನ ಹೋಲಿಕೆ ನಂಬುವಂತಿರುತ್ತದೆ. ಅದಕ್ಕೆ ತಕ್ಕಂತೆ ಯಿಟ್ರಿಯಂ ಆಕ್ಸೈಡ್ ಇಳಿಸಬೇಕು: ಶೇಕಡಾ 1ಕ್ಕೆ 1.677 ಗ್ರಾಂ, 3ಕ್ಕೆ 1.643, 5ಕ್ಕೆ 1.609.

ಯೂರಿಯಾ ಲೆಕ್ಕ ಎಲ್ಲಿಂದ ಬಂತು? ಇದು ದಹನ ವಿಧಾನ. ನೈಟ್ರೇಟ್ ಉರಿಸುವವನು, ಯೂರಿಯಾ ಉರಿಯುವವನು. ಕಾರ್ಬನ್‌ಗೆ +4, ಹೈಡ್ರೋಜನ್‌ಗೆ +1, ಆಮ್ಲಜನಕಕ್ಕೆ −2, ಸಾರಜನಕಕ್ಕೆ 0 ಎಂದಿಟ್ಟುಕೊಂಡರೆ ಮೂರು ವೇಲೆನ್ಸಿಯ ಲೋಹದ ನೈಟ್ರೇಟಿಗೆ −15, ಯೂರಿಯಾಕ್ಕೆ +6 ಬರುತ್ತದೆ. ನಮ್ಮಲ್ಲಿ ಒಟ್ಟು 0.04 ಮೋಲ್ ನೈಟ್ರೇಟ್. 0.04 × 15 ಅಂದರೆ 0.6. ಅದನ್ನು 6ರಿಂದ ಭಾಗಿಸಿದರೆ 0.1 ಮೋಲ್ ಯೂರಿಯಾ. ಈ ವಿಧಾನ ನಮ್ಮದೇ ರಾಜ್ಯದ ಕೊಡುಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ.ಸಿ. ಪಾಟೀಲ್ ಅವರ ತಂಡ 1980ರ ದಶಕದಲ್ಲಿ ಇದನ್ನು ಬೆಳೆಸಿತು. ಈಗ ಜಗತ್ತಿನ ಎಲ್ಲ ಕಡೆಯೂ ಬಳಸುತ್ತಾರೆ. ಕನ್ನಡದ ಹುಡುಗ ಹುಡುಗಿಯರು ಇದನ್ನು ಹೆಮ್ಮೆಯಿಂದ ತಿಳಿದಿರಬೇಕು ಎಂದು ನನಗನಿಸುತ್ತದೆ.

ಮೊದಲು ನೀರನ್ನು ತೂಗಿ

ಇಲ್ಲಿ ಸ್ವಲ್ಪ ನಿಲ್ಲೋಣ.

ಅಲ್ಯೂಮಿನಿಯಂ ನೈಟ್ರೇಟ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಜುಲೈಯಲ್ಲಿ ಮುಚ್ಚಳ ತೆಗೆದಿಟ್ಟು ಚಾ ಕುಡಿದು ಬಂದರೆ ಹರಳಿನ ಮೇಲೆ ಬೆವರು ಮೂಡಿರುತ್ತದೆ. ಲೇಬಲ್ಲಿನಲ್ಲಿ ಒಂಬತ್ತು ನೀರು ಎಂದು ಬರೆದಿರುತ್ತದೆ, ಬಾಟಲಿಯಲ್ಲಿ ಇರುವುದು ಬೇರೆ. ನೀವು 9.378 ಗ್ರಾಂ ತೂಗಿದ್ದೀರಿ, ಅದರಲ್ಲಿ ಒಂದಿಷ್ಟು ಬರೀ ಮಳೆ.

ನನಗೆ ಆದದ್ದೂ ಇದೇ. ಒಂದು ಮಳೆಗಾಲ ಪೂರ್ತಿ ನನ್ನ ಪುಡಿಯ ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣ ಬಿಟ್ಟು ಹರಳನ್ನು ಗುರುತಿಸುವ ಪರೀಕ್ಷೆ) ಬೇಡದ ಒಂದು ಶಿಖರ ಬರುತ್ತಿತ್ತು. ಕುಲುಮೆಯ ಶಾಖ ಸಾಲದು ಎಂದುಕೊಂಡೆ. 1,100 ಡಿಗ್ರಿಯಿಂದ 1,200ಕ್ಕೆ, ಅಲ್ಲಿಂದ 1,300ಕ್ಕೆ ಹೋದೆ. ಶಿಖರ ಹೋಗಲಿಲ್ಲ. ವಾರಗಟ್ಟಲೆ ಕುಲುಮೆಯನ್ನೇ ಅನುಮಾನಿಸಿದೆ. ಕೊನೆಗೆ ಬಾಟಲಿಯ ತಳದಲ್ಲಿ ಗಟ್ಟಿಕಟ್ಟಿದ ನೈಟ್ರೇಟ್ ನೋಡಿದಾಗ ವಿಷಯ ಅರ್ಥವಾಯಿತು. ಅಲ್ಯೂಮಿನಿಯಂ ಕಡಿಮೆ ಬಿದ್ದಿತ್ತು. ಕಡಿಮೆ ಬಿದ್ದರೆ ಗಾರ್ನೆಟ್ ಜೊತೆಗೆ ಯಿಟ್ರಿಯಂ ಅಲ್ಯೂಮಿನಿಯಂ ಪೆರೋವ್‌ಸ್ಕೈಟ್ ಎಂಬ ಇನ್ನೊಂದು ಹರಳು ಹುಟ್ಟುತ್ತದೆ. ಅದರೊಳಗಿನ ಡಿಸ್ಪ್ರೋಸಿಯಂಗೆ ಬೇರೆ ಪರಿಸರ, ಹಾಗಾಗಿ ಬೇರೆ ಹಳದಿ-ನೀಲಿ ಅನುಪಾತ. ಎರಡು ಹರಳು ಕೂಡಿದ ಬಣ್ಣವನ್ನು ಒಂದು ಹರಳಿನದ್ದು ಎಂದು ಬರೆಯುವ ಅಪಾಯ ಅಲ್ಲಿತ್ತು.

ಪರಿಹಾರ ಸುಲಭ. ಖಾಲಿ ಅಲ್ಯೂಮಿನಾ ಮೂಸೆ ತೂಗಿ. ಬಾಟಲಿಯಿಂದ ಸರಿಯಾಗಿ 1.000 ಗ್ರಾಂ ನೈಟ್ರೇಟ್ ಹಾಕಿ. ನಿಧಾನಕ್ಕೆ 1,000 ಡಿಗ್ರಿಗೆ ಏರಿಸಿ, ಎರಡು ಗಂಟೆ ಬಿಟ್ಟು, ಡೆಸಿಕೇಟರಿನಲ್ಲಿ (ತೇವ ತಾಗದಂತೆ ಮುಚ್ಚಿಡುವ ಪಾತ್ರೆ) ತಣಿಸಿ ತೂಗಿ. ಶುದ್ಧವಾಗಿದ್ದರೆ 0.136 ಗ್ರಾಂ ಅಲ್ಯೂಮಿನಾ ಉಳಿಯಬೇಕು. ನಿಮಗೆ 0.128 ಸಿಕ್ಕಿತು ಎನ್ನೋಣ. ಅಂದರೆ ಬಾಟಲಿಯಲ್ಲಿರುವುದು ಶೇಕಡಾ 94ರಷ್ಟು ಮಾತ್ರ. ಆಗ 9.378ರ ಬದಲು ಸುಮಾರು 9.96 ಗ್ರಾಂ ತೆಗೆದುಕೊಳ್ಳಿ. ಮೂರು ಸಲ ಮಾಡಿ ಸರಾಸರಿ ಹಿಡಿಯಿರಿ. ಮಳೆಗಾಲದಲ್ಲಿ ಪ್ರತಿ ವಾರ, ಬೇಸಿಗೆಯಲ್ಲಿ ಹೊಸ ಬಾಟಲಿ ಒಡೆದಾಗಲೆಲ್ಲ.

ಯಿಟ್ರಿಯಂಗೂ ನೈಟ್ರೇಟ್ ಬದಲು ಆಕ್ಸೈಡ್ ಹೇಳಿದ್ದು ಇದಕ್ಕೇ. ಆಕ್ಸೈಡ್ ಕೂಡ ಸ್ವಲ್ಪ ತೇವ, ಸ್ವಲ್ಪ ಇಂಗಾಲದ ಡೈಆಕ್ಸೈಡ್ ಹಿಡಿದಿರುತ್ತದೆ. ತೂಗುವ ಹಿಂದಿನ ರಾತ್ರಿ 900 ಡಿಗ್ರಿಯಲ್ಲಿ ಕಾಯಿಸಿಡಿ. ಡೆಸಿಕೇಟರಿನ ನೀಲಿ ಸಿಲಿಕಾ ಜೆಲ್ ಗುಲಾಬಿಯಾಗಿದ್ದರೆ ಅದು ಕೆಲಸ ನಿಲ್ಲಿಸಿದೆ ಎಂದರ್ಥ. 120 ಡಿಗ್ರಿ ಓವನಿನಲ್ಲಿಟ್ಟರೆ ಮತ್ತೆ ನೀಲಿಯಾಗುತ್ತದೆ.

ಉರಿಸುವುದು

ಇದನ್ನು ಫ್ಯೂಮ್ ಹುಡ್ ಇಲ್ಲದೆ ಮಾಡಲೇಬೇಡಿ. ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ, ಅಮೋನಿಯಾವೂ ಬರಬಹುದು. ಕನ್ನಡಕ, ಕೈಗವಸು, ಹತ್ತಿಯ ಕೋಟು ಹಾಕಿಕೊಳ್ಳಿ. ಹೇಳಿದ ಅಳತೆಗಿಂತ ದೊಡ್ಡ ಬ್ಯಾಚ್ ಬೇಡ. ಒಬ್ಬರೇ ಇರುವಾಗಲೂ ಬೇಡ.

ಯಿಟ್ರಿಯಂ ಆಕ್ಸೈಡಿಗೆ ಅರ್ಧಕ್ಕರ್ಧ ನೀರು ಬೆರೆಸಿದ ನೈಟ್ರಿಕ್ ಆಮ್ಲ ಸುಮಾರು 10 ಮಿಲಿಲೀಟರ್ ಹಾಕಿ, ಹಾಟ್‌ಪ್ಲೇಟ್ ಮೇಲೆ ಸಣ್ಣ ಬಿಸಿಯಲ್ಲಿ ಕಲಕುತ್ತಾ ಇರಿ. ತಿಳಿಯಾಗುತ್ತದೆ. ತಿಳಿಯಾದ ಮೇಲೆ ಹೆಚ್ಚುವರಿ ಆಮ್ಲವನ್ನು ಆವಿ ಮಾಡಿ. ಜೋನಿಬೆಲ್ಲದಷ್ಟು ಗಟ್ಟಿಯಾದರೆ ಸಾಕು, ಪೂರ್ತಿ ಒಣಗಿಸಬೇಡಿ. ಆಮ್ಲ ಉಳಿದರೆ ಅದೂ ಉರಿಸುವವರ ಪಕ್ಷ ಸೇರುತ್ತದೆ, ನಿಮ್ಮ ಯೂರಿಯಾ ಲೆಕ್ಕ ತಪ್ಪುತ್ತದೆ. ಇದಕ್ಕೆ ಡಿಸ್ಪ್ರೋಸಿಯಂ ದ್ರಾವಣ, ಅಲ್ಯೂಮಿನಿಯಂ ನೈಟ್ರೇಟ್, ಯೂರಿಯಾ ಸೇರಿಸಿ. ಕಲಕಲು ಬೇಕಾದಷ್ಟೇ ಡಿಸ್ಟಿಲ್ಡ್ ನೀರು.

300 ಮಿಲಿಲೀಟರಿನ ಅಗಲ ಬಾಯಿಯ ಸಿಲಿಕಾ ಡಿಶ್ಶಿಗೆ ಸುರಿದು, ಮೊದಲೇ 500 ಡಿಗ್ರಿಗೆ ಬಿಸಿಯಾಗಿರುವ ಮಫಲ್ ಕುಲುಮೆಗೆ ಇಡಿ. ಕುದಿಯುತ್ತದೆ, ನೊರೆ ಏಳುತ್ತದೆ, ಉಬ್ಬುತ್ತದೆ, ಆಮೇಲೆ ಒಮ್ಮೆಲೆ ಬೆಂಕಿ ಹೊತ್ತಿಕೊಂಡು ಡಿಶ್ ತುಂಬ ಹರಡುತ್ತದೆ. ಒಟ್ಟು ಐದು ನಿಮಿಷದ ಆಟ. ಉಳಿಯುವುದು ಹುರಿಯಕ್ಕಿಯಂತೆ ಹಗುರವಾದ ಬಿಳಿ ನೊರೆ. ಬೂದು ಬಣ್ಣ ಕಂಡರೆ ಕಾರ್ಬನ್ ಉಳಿದಿದೆ, ಹೆದರಬೇಡಿ, ಮುಂದಿನ ಹಂತದಲ್ಲಿ ಹೋಗುತ್ತದೆ. ಬೆಂಕಿಯೇ ಬರದೆ ಸುಮ್ನೆ ಹೊಗೆಯಾಡಿದರೆ ನೀರು ಜಾಸ್ತಿ ಇತ್ತು ಅಥವಾ ಕುಲುಮೆ ತಣ್ಣಗಿತ್ತು.

ಕಾಯಿಸುವುದು, ಮತ್ತು ಕೆಂಪು ಮಣ್ಣಿನ ವಿಷಯ

ನೊರೆಯನ್ನು ಅಗೇಟ್ ಒರಳಿನಲ್ಲಿ ಮೆಲ್ಲಗೆ ಅರೆದು, ಅಲ್ಯೂಮಿನಾ ಮೂಸೆಯಲ್ಲಿ ಹಾಕಿ, ಗಾಳಿಯಲ್ಲಿ 1,100 ಡಿಗ್ರಿಯಲ್ಲಿ ನಾಲ್ಕು ಗಂಟೆ ಕಾಯಿಸಿ. ಹರಳು ಸರಿಯಾಗಿ ಕೂರುತ್ತದೆ. ಮೇಲ್ಮೈಯ ಹೈಡ್ರಾಕ್ಸಿಲ್ ಗುಂಪುಗಳು ಹೋಗುತ್ತವೆ. ಅವು ಬೆಳಕಾಗಬೇಕಿದ್ದ ಶಕ್ತಿಯನ್ನು ಕಂಪನವಾಗಿ ಕುಡಿದುಬಿಡುತ್ತವೆ, ಹಾಗಾಗಿ ಹೋಗಲೇಬೇಕು. ಕಾಯಿಸಿದ ಮೇಲೆ ಹೆಚ್ಚು ಅರೆಯಬೇಡಿ. ಬಲವಾಗಿ ಅರೆದರೆ ಹರಳಿನ ಮೇಲ್ಮೈ ಕೆಟ್ಟು ಬೆಳಕು ತಗ್ಗುತ್ತದೆ.

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ನಮ್ಮ ಜೇಡಿಮಣ್ಣನ್ನು ನಂಬಿ. ಹಂಚಿಗೆ ಆ ಚಂದದ ಕೆಂಪು ಕೊಡುವುದು ಕಬ್ಬಿಣ. ಮುರಕಲ್ಲಿನಲ್ಲೂ ಅದೇ. ಬೆಳಕು ಕೊಡುವ ಪುಡಿಗೆ ಮಾತ್ರ ಕಬ್ಬಿಣ ವೈರಿ. ಅಷ್ಟಿಷ್ಟು ಸೇರಿದರೂ ಶಕ್ತಿಯನ್ನು ತಾನೇ ಎಳೆದುಕೊಂಡು ಶಾಖವಾಗಿ ಕಳೆಯುತ್ತದೆ. ಏಪ್ರಿಲ್ ತಿಂಗಳಲ್ಲಿ ಕಿಟಕಿ ತೆರೆದಿಟ್ಟ ಲ್ಯಾಬಿನ ಮೇಜಿನ ಮೇಲೆ ಬೆರಳಾಡಿಸಿ ನೋಡಿ, ಕೆಂಪು ಧೂಳು ಸಿಗುತ್ತದೆ. ಹಾಗಾಗಿ ಬಾವಿ ನೀರು ಬೇಡ, ಸ್ಟೀಲ್ ಚಮಚ ಬೇಡ, ಬೇರೆಯವರು ಕಬ್ಬಿಣ ಇರುವ ಫೆರೈಟ್ ಕಾಯಿಸಿದ ಮೂಸೆ ಬೇಡವೇ ಬೇಡ. ಮೂಸೆಗೆ ಯಾವಾಗಲೂ ಮುಚ್ಚಳ ಇರಲಿ.

ಮೊದಲ ನೋಟ

365 ನ್ಯಾನೋಮೀಟರಿನ ಯುವಿ ಟಾರ್ಚ್ ಒಂದು ಇಟ್ಟುಕೊಳ್ಳಿ. ಡಿಸ್ಪ್ರೋಸಿಯಂಗೆ ಅದರ ಹತ್ತಿರ ಒಂದು ಹೀರುವ ಗೆರೆ ಇದೆ. ಕತ್ತಲೆಯಲ್ಲಿ ಹೊಡೆದರೆ ಪುಡಿ ಮೆಲ್ಲಗೆ ಬೆಳ್ಳಗೆ ಹೊಳೆಯುತ್ತದೆ. ಮೊದಲ ಸಲ ಕಂಡಾಗ ಆಗುವ ಖುಷಿ ಬೇರೆಯೇ. ಯುವಿ ಕನ್ನಡಕ ಮರೆಯಬೇಡಿ.

ಆದರೆ ಪುಡಿಯನ್ನು ಬಿಳಿ ಕಾಗದದ ಮೇಲಿಟ್ಟು ನೋಡಬೇಡಿ. ಕಾಗದಕ್ಕೆ ಬೆಳ್ಳಗೆ ಕಾಣಲೆಂದು ಹಾಕುವ ರಾಸಾಯನಿಕ ಯುವಿಯಲ್ಲಿ ನೀಲಿಯಾಗಿ ಹೊಳೆಯುತ್ತದೆ. ಕೆಲವು ಟೇಪುಗಳೂ ಹಾಗೇ. ನಿಮ್ಮ ಪುಡಿಯ ಹಳದಿಗೆ ಕಾಗದದ ನೀಲಿ ಸೇರಿ ಬಿಳಿ ಕಂಡರೆ ಅದು ಕಾಗದದ ಪುಣ್ಯ. ಸ್ವಚ್ಛವಾದ ಸಿಲಿಕಾ ಗಾಜು ಅಥವಾ ಕಪ್ಪು ಲೋಹದ ತಟ್ಟೆ ಬಳಸಿ. ಮೊಬೈಲ್ ಫೋಟೋವನ್ನೂ ನಂಬಬೇಡಿ. ಕ್ಯಾಮೆರಾ ತಾನಾಗಿಯೇ ಬಣ್ಣ ತಿದ್ದುತ್ತದೆ. ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ, ಎಲ್ಲ ಮಾದರಿಗಳನ್ನೂ ಒಂದೇ ಸೆಟ್ಟಿಂಗಿನಲ್ಲಿ ತೆಗೆಯಿರಿ.

ಹರಳು ಸರಿಯಿದೆಯೇ?

ತಾಮ್ರದ ಎಕ್ಸ್-ಕಿರಣದಲ್ಲಿ ಯಾಗ್‌ನ ಅತಿ ಎತ್ತರದ ಶಿಖರ 33.3 ಡಿಗ್ರಿಯಲ್ಲಿ. 18.1, 27.8, 29.7, 36.6, 41.1, 46.6ರಲ್ಲೂ ಶಿಖರಗಳು ಬರಬೇಕು. 34.3ರ ಹತ್ತಿರ ಸಣ್ಣ ಭುಜ ಎದ್ದರೆ ಅದೇ ಪೆರೋವ್‌ಸ್ಕೈಟ್, ನೈಟ್ರೇಟ್ ಬಾಟಲಿಗೆ ವಾಪಸ್ ಹೋಗಿ. ಕಾಲೇಜಿನಲ್ಲಿ ಯಂತ್ರ ಸಿಗದಿದ್ದರೆ ಕೊಚ್ಚಿಯ ಎಸ್‌ಟಿಐಸಿಯಂಥ ಕೇಂದ್ರಗಳು ಹಣ ಪಡೆದು ಅಳೆದು ಕೊಡುತ್ತವೆ. ಕಳಿಸುವಾಗ ಪುಡಿಯ ಸಣ್ಣ ಬಾಟಲಿಯನ್ನು ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಜೊತೆ ಹಾಕಿ. ಅಳತೆ 10ರಿಂದ 80 ಡಿಗ್ರಿವರೆಗೆ, ಹೆಜ್ಜೆ 0.02 ಎಂದು ಬರೆದು ಕೇಳಿ. ವೇಗವಾಗಿ ಓಡಿಸಿದ ಎಕ್ಸ್‌ಆರ್‌ಡಿಯಲ್ಲಿ ಸಣ್ಣ ಕಲ್ಮಷ ಕಾಣುವುದೇ ಇಲ್ಲ.

ಬೆಳಕನ್ನು ಅಳೆಯುವುದು

ಮೊದಲು ಎಕ್ಸೈಟೇಷನ್ ಸ್ಪೆಕ್ಟ್ರಂ, ಅಂದರೆ ಯಾವ ತರಂಗಾಂತರ ಪುಡಿಯನ್ನು ಎಷ್ಟು ಎಬ್ಬಿಸುತ್ತದೆ ಎಂಬ ನಕ್ಷೆ. 583ರಲ್ಲಿ ಕಣ್ಣಿಟ್ಟು 300ರಿಂದ 500ರವರೆಗೆ ಓಡಿಸಿ. 352, 366, 386ರ ಸುತ್ತ ಚೂಪು ಗೆರೆಗಳು ಬರುತ್ತವೆ. ನಂತರ 352ರಿಂದ ಎಬ್ಬಿಸಿ 400ರಿಂದ 780ರವರೆಗೆ ಎಮಿಷನ್, ಅಂದರೆ ಪುಡಿ ಹೊರಗೆ ಕೊಡುವ ಬೆಳಕು, ಅಳೆಯಿರಿ. ಚದುರಿದ ಯುವಿ ತಡೆಯಲು ಫಿಲ್ಟರ್ ಹಾಕಿ. ಇಲ್ಲದಿದ್ದರೆ ಎಬ್ಬಿಸುವ ತರಂಗಾಂತರದ ಎರಡರಷ್ಟು ಜಾಗದಲ್ಲಿ ಸುಳ್ಳು ಶಿಖರ ಬರುತ್ತದೆ. 352ಕ್ಕೆ ಅದು 704ರಲ್ಲಿ. ಯಾರಾದರೂ 290ರಿಂದ ಎಬ್ಬಿಸಿದರೆ ಸರಿಯಾಗಿ 580ರಲ್ಲಿ ಬಂದು ಹಳದಿಯ ಹಾಗೆ ಕೂರುತ್ತದೆ!

ಡಿಟೆಕ್ಟರ್ ಎಲ್ಲ ಬಣ್ಣವನ್ನೂ ಒಂದೇ ಸಮ ನೋಡುವುದಿಲ್ಲ. ಕರೆಕ್ಷನ್ ಫೈಲ್ ಹಾಕಿದ ಸ್ಪೆಕ್ಟ್ರಂ ಮಾತ್ರ ಬಣ್ಣದ ಲೆಕ್ಕಕ್ಕೆ ಬಳಸಿ. ಇದೊಂದನ್ನು ಮರೆತು ಕೊಟ್ಟ ಬಣ್ಣದ ಸಂಖ್ಯೆಗೆ ಬೆಲೆಯಿಲ್ಲ.

ನಂತರ ಪ್ರತಿ 5 ನ್ಯಾನೋಮೀಟರಿಗೆ ಸ್ಪೆಕ್ಟ್ರಂ ಬೆಲೆಯನ್ನು 1931ರ ಮೂರು ಬಣ್ಣಹೊಂದಿಕೆ ಕೋಷ್ಟಕಗಳಿಂದ ಗುಣಿಸಿ ಕೂಡಿಸಿ. ಸಿಕ್ಕ ಮೂರು ಮೊತ್ತಗಳಲ್ಲಿ ಮೊದಲನೆಯದನ್ನು ಒಟ್ಟು ಮೊತ್ತದಿಂದ ಭಾಗಿಸಿದರೆ ಎಕ್ಸ್, ಎರಡನೆಯದನ್ನು ಭಾಗಿಸಿದರೆ ವೈ. ಒಂದು ಸ್ಪ್ರೆಡ್‌ಶೀಟ್ ಸಾಕು. ತಂತ್ರಾಂಶ ಒತ್ತಿ ಬಂದ ಉತ್ತರ ಬರೆಯುವ ಮೊದಲು ಒಮ್ಮೆ ಕೈಯಾರೆ ಮಾಡಿ.

ಬಣ್ಣದ ಉಷ್ಣತೆಗೆ ಮೆಕ್ಕಾಮಿ ಸೂತ್ರ ಇದೆ. ಎನ್ = (ಎಕ್ಸ್ − 0.3320) ÷ (0.1858 − ವೈ). ಉಷ್ಣತೆ = 449 ಎನ್³ + 3525 ಎನ್² + 6823.3 ಎನ್ + 5520.33. ಎಕ್ಸ್ 0.33, ವೈ 0.35 ಬಂದರೆ ಎನ್ 0.0122, ಉಷ್ಣತೆ ಸುಮಾರು 5,600 ಕೆಲ್ವಿನ್. ಮಧ್ಯಾಹ್ನದ ಬಿಸಿಲಿನ ಬಿಳಿ. ಆದರೆ ಹಸಿರಾಗಿ ಕಾಣುವ ಬೆಳಕಿಗೂ ಈ ಸೂತ್ರ ಒಂದು ಸಂಖ್ಯೆ ಕೊಟ್ಟುಬಿಡುತ್ತದೆ. ಆದ್ದರಿಂದ ಉಷ್ಣತೆಯ ಜೊತೆ ಎಕ್ಸ್, ವೈ ಎರಡನ್ನೂ ಬರೆಯಿರಿ.

ಎಷ್ಟು ಡಿಸ್ಪ್ರೋಸಿಯಂ?

0.5, 1, 2, 3, 5 ಶೇಕಡಾ ಐದು ಬ್ಯಾಚ್ ಮಾಡಿ. ಮೊದಲು ಬೆಳಕು ಏರುತ್ತದೆ, ಆಮೇಲೆ ಇಳಿಯುತ್ತದೆ. ಅಯಾನುಗಳು ಹತ್ತಿರ ಬಂದಾಗ ಒಂದರ ಶಕ್ತಿಯ ಒಂದು ಭಾಗ ಪಕ್ಕದ ಸುಮ್ಮನಿರುವ ಅಯಾನಿಗೆ ಹೋಗಿ, ಎರಡೂ ಬೆಳಕು ಕೊಡದೆ ತಣ್ಣಗಾಗುತ್ತವೆ. ಬೆಳಕು ಆರುವ ಕಾಲವನ್ನೂ ಅಳೆಯಿರಿ, ಅದು ಮಿಲಿಸೆಕೆಂಡಿನ ಲೆಕ್ಕದಲ್ಲಿರುತ್ತದೆ. ಡಿಸ್ಪ್ರೋಸಿಯಂ ಏರಿಸಿದಂತೆ ಆ ಕಾಲ ಕುಗ್ಗಿದರೆ ಇದೇ ಕಾರಣ ಎಂದು ಧೈರ್ಯವಾಗಿ ಬರೆಯಬಹುದು.

ಮೀನು ಮಾರುಕಟ್ಟೆಯ ಪರೀಕ್ಷೆ

ಮಲ್ಪೆಯಲ್ಲಾಗಲಿ ಮಂಗಳೂರಿನ ಬಂದರಿನಲ್ಲಾಗಲಿ ಬಂಗುಡೆ ಕೊಳ್ಳುವವರು ಕಿವಿರು ಎತ್ತಿ ಕೆಂಪು ನೋಡುತ್ತಾರೆ. ಕಡುಕೆಂಪಿದ್ದರೆ ತಾಜಾ. ನಮ್ಮ ಡಿಸ್ಪ್ರೋಸಿಯಂ ಬಿಳಿಯ ಕೆಳಗೆ ಅದೇ ತಾಜಾ ಮೀನಿನ ಕಿವಿರು ಕಂದಿದಂತೆ ಕಾಣುತ್ತದೆ. ಬೆಳಕು ನೋಡಲು ಬಿಳಿಯೇ, ಆದರೆ ಅದರಲ್ಲಿ ಕೆಂಪು ಇಲ್ಲದಷ್ಟು ಕಡಿಮೆ. ಇಲ್ಲದ ಬಣ್ಣವನ್ನು ವಸ್ತು ತಿರುಗಿಸಿ ಕೊಡಲಾರದು. ಎರಡು ಚೂಪು ಗೆರೆಗಳಿಂದ ಆದ ಬಿಳಿಯ ದೊಡ್ಡ ಮಿತಿ ಇದು. ಬಣ್ಣ ತೋರುವ ಸೂಚ್ಯಂಕ ಎಂದು ಪ್ರಬಂಧಗಳಲ್ಲಿ ಬರುವ ಸಂಖ್ಯೆ ಹೇಳುವುದು ಇದನ್ನೇ.

ಕೆಂಪಿಗೆ ಯೂರೋಪಿಯಂ ಸೇರಿಸಬಹುದಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಯಾಗ್‌ನಲ್ಲಿ ಅದು ಜಾಸ್ತಿ ಕೊಡುವುದು 591ರ ಕಿತ್ತಳೆ, ಬೇಕಾದ ಕೆಂಪಲ್ಲ. ವನಡೇಟಿನಲ್ಲಿ ಅದೇ ಯೂರೋಪಿಯಂ 619ರ ಸುಂದರ ಕೆಂಪು ಕೊಡುತ್ತದೆ, ಮೊದಮೊದಲ ಬಣ್ಣದ ಟಿವಿಗಳ ಕೆಂಪು ಅದೇ. ಆದರೆ ಅಲ್ಲಿ ಡಿಸ್ಪ್ರೋಸಿಯಂ ಹಳದಿ ಕಡೆ ವಾಲಿದೆ, ಅದಕ್ಕೆ ಕೆಂಪು ಸೇರಿದರೆ ನೀಲಿ ಸಾಲದು, ನೀಲಿ ಕೊಡುವ ಥೂಲಿಯಂ ಬೇಕಾಗುತ್ತದೆ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ತೂಕ ತಪ್ಪುತ್ತದೆ. ನಕ್ಷೆಯ ಮೇಲೆ ಮೊದಲು ತ್ರಿಕೋನ ಎಳೆದು ನೋಡಿ, ಬಿಳಿ ಅದರೊಳಗೆ ಬಿದ್ದರೆ ಮಾತ್ರ ಕುಲುಮೆ ಹಚ್ಚಿ.

ಇನ್ನೊಂದು ಕೊರತೆಯನ್ನೂ ಮುಚ್ಚಿಡಬಾರದು. ಡಿಸ್ಪ್ರೋಸಿಯಂ ಯುವಿಯನ್ನು ಹೀರುವುದು ದುರ್ಬಲವಾಗಿ, ಕಿರಿದಾದ ಗೆರೆಗಳಲ್ಲಿ. ಹಾಗಾಗಿ ಇದು ಕಲಿಯಲು ಅತ್ಯುತ್ತಮ, ಬಲ್ಬಿಗೆ ಅಷ್ಟಲ್ಲ. ಬಲ್ಬಿನ ಕಡೆ ಹೋಗುವವರಿಗೆ ಎರಡು ದಾರಿ ಹೇಳುತ್ತೇನೆ.

ಮೊದಲನೆಯದು ಎರಡು ವಿದ್ಯುದಂಶದ ಯೂರೋಪಿಯಂ ಮತ್ತು ಮ್ಯಾಂಗನೀಸ್ ಜೋಡಿ. ಯೂರೋಪಿಯಂ ಬಲವಾಗಿ ಹೀರಿ ಅಗಲವಾದ ನೀಲಿ ಕೊಡುತ್ತದೆ, ಒಂದು ಪಾಲನ್ನು ಮ್ಯಾಂಗನೀಸಿಗೆ ದಾಟಿಸುತ್ತದೆ, ಅದು ಕೆಂಪಾಗುತ್ತದೆ. ಬೇರಿಯಂ ಮೆಗ್ನೀಸಿಯಂ ಸಿಲಿಕೇಟ್ ಒಂದರಲ್ಲಿ 442, 505, 620ರ ಸುತ್ತ ಮೂರು ಪಟ್ಟೆ ಬಂದು ಬಿಳಿಯಾಗುವುದು 2004ರಿಂದ ಗೊತ್ತಿದೆ. ಯೂರೋಪಿಯಂನ ಆರುವ ಕಾಲ ಒಂಟಿಯಾಗಿದ್ದಾಗ 600 ನ್ಯಾನೋಸೆಕೆಂಡ್, ಮ್ಯಾಂಗನೀಸ್ ಸೇರಿದ ಮೇಲೆ 420 ಎಂದಿಟ್ಟುಕೊಳ್ಳಿ. 420ನ್ನು 600ರಿಂದ ಭಾಗಿಸಿ 1ರಿಂದ ಕಳೆದರೆ 0.30. ಶೇಕಡಾ 30ರಷ್ಟು ಶಕ್ತಿ ದಾಟಿದೆ. ಯೂರೋಪಿಯಂ ಎರಡರ ಸ್ಥಿತಿಯಲ್ಲಿರಲು ಗಾಳಿ ಇಲ್ಲದ ಕುಲುಮೆ ಬೇಕು. ಅನಿಲದ ಸೌಲಭ್ಯ ಇಲ್ಲದಿದ್ದರೆ ಸಣ್ಣ ಮೂಸೆಯನ್ನು ದೊಡ್ಡ ಮೂಸೆಯೊಳಗಿಟ್ಟು, ನಡುವೆ ಇದ್ದಿಲು ತುಂಬಿ, ಮುಚ್ಚಿ ಕಾಯಿಸುತ್ತಾರೆ. ನಮ್ಮ ತೆಂಗಿನ ಗೆರಟೆಯ ಇದ್ದಿಲು ಇದಕ್ಕೆ ಸೊಗಸಾಗಿ ಆಗುತ್ತದೆ. ಪುಡಿಗೆ ತಾಗದಂತೆ ನೋಡಿಕೊಳ್ಳಿ. ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ಅದಕ್ಕೆ ವಾಸನೆಯಿಲ್ಲ, ಹುಡ್ ಓಡುತ್ತಿರಲೇಬೇಕು.

ಎರಡನೆಯದು ಹೊಸ ದಾರಿ. ಸೀಸಿಯಂ, ಬೆಳ್ಳಿ, ಸೋಡಿಯಂ, ಇಂಡಿಯಂ ಕ್ಲೋರೈಡುಗಳ ದ್ವಿ-ಪೆರೋವ್‌ಸ್ಕೈಟಿಗೆ ಚೂರೇ ಚೂರು ಬಿಸ್ಮತ್ ಹಾಕಿದ ಹರಳು. 2018ರಲ್ಲಿ ಇದರ ದಕ್ಷತೆ ಶೇಕಡಾ 86 ಎಂದು ಪ್ರಕಟವಾಯಿತು. ಇಲ್ಲಿ ಬೆಳಕು ಗೆರೆಯಲ್ಲ, ಇಡೀ ಬಣ್ಣಗಳ ಮೇಲೆ ಹರಡಿದ ಅಗಲ ಗುಡ್ಡ. ಎದ್ದ ಎಲೆಕ್ಟ್ರಾನು ಸುತ್ತಲಿನ ಹರಳನ್ನೇ ಬಾಗಿಸಿ ಆ ಗುಂಡಿಯಲ್ಲಿ ಸಿಕ್ಕಿಕೊಳ್ಳುವುದರಿಂದ ಹೀಗಾಗುತ್ತದೆ. ಸೀಸ ಇಲ್ಲ ಎನ್ನುವುದು ದೊಡ್ಡ ಸಮಾಧಾನ. ಇಂಡಿಯಂ ಮಾತ್ರ ದುಬಾರಿ.

ಎಲ್‌ಇಡಿ ಮೇಲೆ

ಪುಡಿ ಸಿದ್ಧವಾಯಿತು. 385 ನ್ಯಾನೋಮೀಟರಿನ ಸಣ್ಣ ಎಲ್‌ಇಡಿ ತೆಗೆದುಕೊಳ್ಳಿ. ಎರಡು ಭಾಗದ ಪಾರದರ್ಶಕ ಸಿಲಿಕೋನಿನಲ್ಲಿ ಪುಡಿಯನ್ನು ತೂಕದಲ್ಲಿ ಮೂರನೇ ಒಂದರಷ್ಟು ಬೆರೆಸಿ, ಗುಳ್ಳೆ ಹೋಗುವವರೆಗೆ ನಿರ್ವಾತದಲ್ಲಿಡಿ. ಒಂದು ಹನಿ ಚಿಪ್ಪಿನ ಮೇಲೆ ಬಿಟ್ಟು ಗಟ್ಟಿಮಾಡಿ. ಸ್ಪೆಕ್ಟ್ರಂ ಅಳೆದು, ಅರ್ಧ ಗಂಟೆ ಉರಿಸಿ ಮತ್ತೆ ಅಳೆಯಿರಿ. ಬಿಸಿಯಾದಾಗ ಎಕ್ಸ್, ವೈ ಎಷ್ಟು ಜಾರಿತು ಎಂದು ಬರೆದಿಡಿ.

ಆಮೇಲೆ ಲೈಟ್ ಆರಿಸಿ, ಸೋರುವ ಯುವಿಗಾಗಿ ಕನ್ನಡಕ ಹಾಕಿಯೇ, ಆ ಪುಟ್ಟ ಬೆಳಕಿನ ಕೆಳಗೆ ನಾಲ್ಕು ವಸ್ತು ಇಡಿ: ಒಂದು ಹಿಡಿ ಶಂಕರಪುರ ಮಲ್ಲಿಗೆ, ಅದರ ಹಸಿರು ಎಲೆ, ಚಿಟಿಕೆ ಕುಂಕುಮ, ಹೊಸ ಬಂಗುಡೆ. ಪಕ್ಕದಲ್ಲಿ ಕಿಟಕಿಯ ಹಗಲು ಬೆಳಕಿನಲ್ಲಿ ಅದೇ ನಾಲ್ಕು. ಯಾವುದು ಎಷ್ಟು ಕಂದಿತು ಎಂದು ಸಂಖ್ಯೆಗಳ ಪಕ್ಕದಲ್ಲೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬ್ಯಾಚ್ ನಂಬರ್, ತಾರೀಕು, ಆ ದಿನ ಮೂಸೆಯಲ್ಲಿ ಉಳಿದ ಅಲ್ಯೂಮಿನಾದ ತೂಕ, ಮೂರೂ ಅದೇ ಪುಟದಲ್ಲಿರಲಿ.